ದೇವರ ಕೆಲಸ ಅಂದರೆ ಸಾಕಾ?

ನಮ್ಮ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಪ್ರೀತಿಯ ಮೇಲಿನ ಪ್ರಸಂಗಕ್ಕೆ ಬರ ಇಲ್ಲ. ಬೈಬಲಿನ ಪ್ರೀತಿಯ ಅಧ್ಯಾಯ 1 ಕೊರಿಂಥ 13 ಓದದೆ ಒಂದು ಮದುವೆಯೂ ಮುಗಿಯುವುದಿಲ್ಲ. ದಾರಿಯಲ್ಲಿ ಬಿದ್ದವನಿಗೆ ನೆರವಾದ ಒಳ್ಳೆ ಸಮಾರ್ಯದವನ ಕಥೆ ಸಂಡೇ ಸ್ಕೂಲ್ ಮಕ್ಕಳಿಗೂ ಬಾಯಿಪಾಠ. ಆದರೆ ಮಾರ್ಕ 7ನೇ ಅಧ್ಯಾಯದ 9ರಿಂದ 13ರವರೆಗಿನ ವಚನಗಳ ಮೇಲೆ ಯಾರಾದರೂ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ತುಂಬಾ ಕಡಿಮೆ. ಒಮ್ಮೆ ತೆಗೆದು ನೋಡಿ. ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಬಳಸಬೇಕಾದ ಹಣವನ್ನು ಮಗ ‘ಇದು ಕೊರ್ಬಾನ್, ದೇವರಿಗೆ ಕೊಟ್ಟದ್ದು’ ಅಂತ ಹೇಳಿಬಿಟ್ಟರೆ ಮುಗೀತು, ಅವನು ಕೈ ತೊಳೆದುಕೊಳ್ಳಬಹುದಿತ್ತು. ಶಾಸ್ತ್ರಿಗಳ ಒಪ್ಪಿಗೆಯೂ ಅದಕ್ಕಿತ್ತು. ಯೇಸು ಇದನ್ನು ಸುಮ್ನೆ ಬಿಡಲಿಲ್ಲ. ನಿಮ್ಮ ಸಂಪ್ರದಾಯದಿಂದ ದೇವರ ಮಾತನ್ನೇ ನಿರರ್ಥಕ ಮಾಡಿಬಿಟ್ಟಿರಿ ಅಂತ ಮುಖಕ್ಕೆ ಹೇಳಿದ.

ಇದು ಎರಡು ಸಾವಿರ ವರ್ಷದ ಹಿಂದಿನ ಯೆಹೂದಿಗಳ ಜಗಳ, ನಮಗೇನು ಅಂತ ಪುಟ ತಿರುಗಿಸುವ ಹಾಗಿಲ್ಲ. ಮಂಗಳವಾರ ಗಾಯನ ಮಂಡಳಿ ಪ್ರಾಕ್ಟೀಸ್, ಬುಧವಾರ ಪ್ರಾರ್ಥನೆ ಕೂಟ, ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಕಮಿಟಿ ಮೀಟಿಂಗ್, ಭಾನುವಾರ ಬೆಳಿಗ್ಗೆ ಆರಾಧನೆ, ಸಂಜೆ ಯಾರದೋ ಮನೆ ಪ್ರತಿಷ್ಠೆ. ಇಷ್ಟೆಲ್ಲಾ ಓಡಾಡುವ ಮನುಷ್ಯನ ಮನೆಯಲ್ಲಿ ಅವನ ಅಪ್ಪನ ಕಣ್ಣಿಗೆ ಪೊರೆ ಬಂದು ಎಷ್ಟೋ ಕಾಲ ಆಗಿರುತ್ತದೆ, ಡಾಕ್ಟರ ಹತ್ತಿರ ಕರ್ಕೊಂಡು ಹೋಗಲು ಟೈಮ್ ಇಲ್ಲ. ಹೊಸ ಚರ್ಚ್ ಕಟ್ಟಡಕ್ಕೆ ಅಂತ ದೊಡ್ಡ ಮೊತ್ತ ಬರೆಸಿ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಿಕೊಂಡವರ ಸ್ವಂತ ತಮ್ಮ ಆಸ್ಪತ್ರೆ ಬಿಲ್ಲಿಗೆ ಚಿನ್ನ ಅಡವಿಟ್ಟದ್ದನ್ನೂ ನಾನು ಕಂಡಿದ್ದೇನೆ. ಕೇಳಿದರೆ ಉತ್ತರ ರೆಡಿ: ದೇವರ ಕೆಲಸ.

ಬೈಬಲಿನಲ್ಲಿ ಪತ್ರಗಳನ್ನು ಬರೆದ ಅಪೊಸ್ತಲ ಪೌಲ 1 ತಿಮೊಥೆ 5:8ರಲ್ಲಿ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ಬಿಟ್ಟವನು, ನಂಬದವನಿಗಿಂತ ಕಡೆ ಅಂತ ಬರೆಯುತ್ತಾನೆ. ಇಷ್ಟು ಖಾರವಾದ ಮಾತನ್ನು ನಾವು ಕ್ಯಾಲೆಂಡರಿನ ವಚನವಾಗಿ ಎಲ್ಲೂ ಹಾಕುವುದಿಲ್ಲ ನೋಡಿ.

ನನಗೆ ತುಂಬಾ ಇಷ್ಟವಾದ ಭಾಗ ಮಾರ್ಕ 1ನೇ ಅಧ್ಯಾಯದಲ್ಲಿದೆ. ಸಬ್ಬತ್, ಯೆಹೂದ್ಯರ ವಾರದ ವಿಶ್ರಾಂತಿ ದಿನ. ಯೇಸು ಕಪೆರ್ನೌಮಿನ ಸಭಾಮಂದಿರದಲ್ಲಿ ಬೋಧಿಸುತ್ತಾನೆ, ದೆವ್ವ ಬಿಡಿಸುತ್ತಾನೆ, ಊರೆಲ್ಲ ಬೆರಗಾಗಿ ನೋಡುತ್ತದೆ. ಅಲ್ಲಿಂದ ಹೊರಟವನು ಸೀದಾ ಶಿಷ್ಯ ಸೀಮೋನನ ಮನೆಗೆ ಬರುತ್ತಾನೆ. ಅಲ್ಲಿ ಸೀಮೋನನ ಅತ್ತೆಗೆ ಜ್ವರ. ಕೈ ಹಿಡಿದು ಎಬ್ಬಿಸುತ್ತಾನೆ. ಊರಿನವರು ರೋಗಿಗಳನ್ನು ಕರ್ಕೊಂಡು ಬಂದು ಬಾಗಿಲಲ್ಲಿ ಗುಂಪು ಸೇರಿದ್ದು ಆಮೇಲೆ, ಹೊತ್ತು ಮುಳುಗಿದ ಮೇಲೆ. ಅಂದರೆ ಆ ದಿನ ಆರಾಧನೆ ಮುಗಿದ ಕೂಡಲೇ ನಡೆದ ಮೊದಲ ಸೇವೆ ಮನೆಯೊಳಗೆ ಮಲಗಿದ್ದ ಒಬ್ಬ ಮುದುಕಿಗೆ. ಅದೂ ಹೆಂಡತಿಯ ತಾಯಿಗೆ.

ನಮ್ಮ ಅತ್ತೆಗೆ ಸ್ಟ್ರೋಕ್ ಆಗಿ ಒಂದು ಪಕ್ಕ ಸ್ವಾಧೀನ ತಪ್ಪಿದಾಗ ನಮ್ಮ ಮನೆಯವರು ಸಭೆಯ ಕಮಿಟಿಯಲ್ಲಿದ್ದರು. ಮುಂದಿನ ಸಲದ ಚುನಾವಣೆಗೆ ನಿಲ್ಲುವುದಿಲ್ಲ ಅಂದರು. ಹಿರಿಯರೊಬ್ಬರು ಬೇಜಾರಿನಿಂದ ‘ಏನಪ್ಪಾ, ದೇವರ ಕೆಲಸ ಬಿಟ್ಯಾ?’ ಅಂತ ಕೇಳಿದರು. ಇವರು ನಗುತ್ತಾ ‘ಬಿಟ್ಟಿಲ್ಲ ಅಂಕಲ್, ಮನೆಗೆ ಟ್ರಾನ್ಸ್‌ಫರ್ ಆಯ್ತು’ ಅಂದರು. ಆ ಟ್ರಾನ್ಸ್‌ಫರ್ ಸುಲಭದ್ದಲ್ಲ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಬೆನ್ನಿಗೆ ಹುಣ್ಣು ಬರುತ್ತದೆ. ಗಂಜಿ ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ತಲೆ ಎತ್ತಿ ಕೂರಿಸಿ ಕುಡಿಸಬೇಕು. ಡೈಪರ್ ಬದಲಿಸಬೇಕು. ಬಿಪಿ ಮಾತ್ರೆ ಮರೀಬಾರದು. ಮಾತು ತೊದಲುವ ಅತ್ತೆಗೆ ಕೋಪ ಬಂದರೆ ಲೋಟ ಎಸೆಯುತ್ತಾರೆ, ಅದನ್ನೂ ಹೆಕ್ಕಬೇಕು. 1 ಕೊರಿಂಥ 13ರಲ್ಲಿ ‘ಪ್ರೀತಿ ಬಹು ತಾಳ್ಮೆಯುಳ್ಳದ್ದು’ ಅಂತ ಮೊದಲಿಗೇ ಯಾಕೆ ಬರೆದಿದ್ದಾನೆ ಅಂತ ಆ ಲೋಟ ಹೆಕ್ಕುವಾಗ ತಿಳಿಯುತ್ತದೆ.

ಇಲ್ಲಿ ಒಂದು ಮಾತು ಗಂಡಸರಿಗೆ. ‘ನಾವು ಅಮ್ಮನನ್ನು ಮನೆಯಲ್ಲೇ ಇಟ್ಟು ನೋಡಿಕೊಳ್ತಾ ಇದ್ದೇವೆ, ಕರ್ತನಿಗೆ ಸ್ತೋತ್ರ’ ಅಂತ ಸಾಕ್ಷಿ ಹೇಳುವವನು ಮಗ, ಬಟ್ಟೆ ಒಗೆಯುವವಳು ಸೊಸೆ. ಇದು ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ? ಅಮ್ಮನನ್ನು ಪ್ರೀತಿಸುವುದು ನಿಮ್ಮ ಕರೆಯಾದರೆ ಬಕೆಟ್ ಕೂಡ ನಿಮ್ಮದೇ. ಹೆಂಡತಿ ಕೈ ಜೋಡಿಸಿದರೆ ಅದು ಅವಳ ಪ್ರೀತಿ, ಅವಳ ಸಂಬಳವಿಲ್ಲದ ಡ್ಯೂಟಿ ಅಲ್ಲ.

ನಾವು ಸ್ವಲ್ಪ ಕಾಲದ ಮೇಲೆ ಒಬ್ಬ ಹೋಮ್ ನರ್ಸ್ ಇಟ್ಟೆವು. ಅದಕ್ಕೂ ಮಾತು ಬಂತು. ‘ಅಯ್ಯೋ, ಸ್ವಂತ ಅತ್ತೆಗೆ ಸಂಬಳದವರಾ?’ ಅಂತ ಪ್ರಾರ್ಥನೆಗೆ ಬಂದವರೇ ಕೇಳಿದರು. ಪ್ರೀತಿ ಅಂದರೆ ತಾನೇ ಸುಸ್ತಾಗಿ ಬೀಳುವುದು ಅಂತ ನಮ್ಮವರಲ್ಲಿ ಎಲ್ಲೋ ಒಂದು ಲೆಕ್ಕ ಕೂತುಬಿಟ್ಟಿದೆ. ಹಾಗಾದರೆ ಲೂಕ 10ನ್ನು ಇನ್ನೊಮ್ಮೆ ಓದಬೇಕು. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟು ಹೋದವನ ಗಾಯಕ್ಕೆ ಸಮಾರ್ಯದವನು ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ವಾಹನ ಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ಕರ್ಕೊಂಡು ಹೋದ. ಆ ರಾತ್ರಿ ತಾನೇ ಉಪಚಾರ ಮಾಡಿದ. ಮಾರನೆಯ ದಿನ? ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟು, ನೋಡಿಕೋ, ಜಾಸ್ತಿ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಅಂತ ಹೇಳಿ ಹೊರಟ. ಮತ್ತಾಯ 20ರ ಪ್ರಕಾರ ಒಂದು ದಿನಾರಿ ಒಂದು ದಿನದ ಕೂಲಿ, ಅಂದರೆ ಎರಡು ದಿನದ ದುಡಿಮೆ ಕೊಟ್ಟ. ತನ್ನ ಪ್ರಯಾಣ ಬಿಡಲಿಲ್ಲ. ಆದರೆ ಕೈಬಿಟ್ಟೂ ಹೋಗಲಿಲ್ಲ, ವಾಪಸ್ ಬರುತ್ತೇನೆ ಅಂದ. ಹೋಮ್ ನರ್ಸ್ ಇಡುವುದು ಪಾಪವಾ ಅಂತ ಕೇಳುವವರಿಗೆ ನಾನು ಈ ಛತ್ರದವನನ್ನೇ ತೋರಿಸುವುದು. ನರ್ಸ್ ಇಟ್ಟು ತಿಂಗಳುಗಟ್ಟಲೆ ಕೋಣೆಗೆ ಕಾಲಿಡದಿದ್ದರೆ ಮಾತ್ರ ಅದು ಬೇರೆ ಕಥೆ.

ಅದೇ ಕಥೆಯಲ್ಲಿ ಬಿದ್ದವನನ್ನು ಕಂಡೂ ದಾಟಿ ಹೋದ ಯಾಜಕನನ್ನೂ ಸ್ವಲ್ಪ ನೋಡಿ. ಅದು ನಡೆಯುವುದು ಯೆರೂಸಲೇಮಿನಿಂದ ಯೆರಿಕೋಗೆ ಹೋಗುವ ದಾರಿಯಲ್ಲಿ. ಯೆರೂಸಲೇಮು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲೆ, ಯೆರಿಕೋ ಸುಮಾರು 250 ಮೀಟರ್ ಕೆಳಗೆ. 25-30 ಕಿಲೋಮೀಟರ್ ಒಳಗೆ ಅಷ್ಟು ಇಳಿಯುವ ನಿರ್ಜನ ದಾರಿ, ಕಳ್ಳರ ಭಯ. ಅಲ್ಲಿ ನಿಲ್ಲಲು ಯಾರಿಗಾದರೂ ಹೆದರಿಕೆ ಆಗುವುದೇ. ಆದರೆ ಯಾಜಕ ಆ ದಾರಿಯಲ್ಲಿ ಇಳಿದು ಬರುತ್ತಿದ್ದ ಅಂತ ಇದೆ. ಅಂದರೆ ದೇವಾಲಯ ಇದ್ದ ಯೆರೂಸಲೇಮಿನ ಕಡೆಯಿಂದ ವಾಪಸ್ ಹೊರಟಿದ್ದ. ದೇವಾಲಯಕ್ಕೆ ಲೇಟಾಗುತ್ತದೆ ಅನ್ನುವ ನೆಪವೂ ಅವನಿಗೆ ಇರಲಿಲ್ಲ. ಆರಾಧನೆ ಮುಗಿಸಿ ಬರುವವನು ಪಕ್ಕಕ್ಕೆ ಸರಿದು ಹೋದ.

ಇನ್ನು ಆಸ್ತಿ. ಕುಟುಂಬದ ಪ್ರೀತಿ ಅಂತ ಬರೆಯುವಾಗ ಇದನ್ನು ಬಿಟ್ಟು ಬರೆದರೆ ಅದು ಬರೀ ಕಣ್ಣೊರೆಸುವ ಕೆಲಸ. ಅಪ್ಪ ವಿಲ್ ಬರೆಯದೆ ತೀರಿಕೊಂಡರೆ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ ಪ್ರಕಾರ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆಲ್ಲ ಸಮ. ಗಂಡು ಹೆಣ್ಣು ಅಂತ ಭೇದ ಇಲ್ಲ. ಕಾನೂನು ಇಷ್ಟು ಚೆನ್ನಾಗಿದ್ದರೂ ನಡೆಯುವುದು ಏನು? ತೋಟ ಮಾರುವ ಮಾತು ಬಂದಾಗ ಅಕ್ಕನಿಗೆ ಫೋನ್ ಹೋಗುತ್ತದೆ: ‘ಒಂದು ಸಹಿ ಇದೆ, ಬಂದು ಹಾಕಿ ಹೋಗು.’ ಹಕ್ಕು ಬಿಡುಗಡೆ ಪತ್ರ. ಅವಳು ಬಂದು ಸಹಿ ಹಾಕಿ, ಊಟ ಮಾಡಿ, ಒಂದು ಸೀರೆ ತಗೊಂಡು ಹೋಗುತ್ತಾಳೆ. ಸಹಿ ಹಾಕಲ್ಲ ಅಂದರೆ ಅವಳೇ ದುರಾಸೆಯವಳು, ಅವಳೇ ಮನೆ ಒಡೆದವಳು, ‘ಕ್ರೈಸ್ತಳಾಗಿ ಹೀಗೆ ಮಾಡಬಹುದಾ’ ಅಂತ ಅವಳಿಗೇ ವಚನ. ಅಣ್ಣಂದಿರೇ, ಅಕ್ಕ ತಂಗಿಯ ಪಾಲು ಕೇಳುವ ಮೊದಲೇ ಅವಳ ಮುಂದೆ ಇಟ್ಟು ನೋಡಿ. ಅವಳು ಬೇಡ ಅನ್ನಬಹುದು. ಆದರೆ ಬೇಡ ಅನ್ನುವ ಹಕ್ಕು ಅವಳದ್ದು, ನಿಮ್ಮದಲ್ಲ.

ಸರಿ, ಪಕ್ಕದ ಮನೆಗೆ ಬರುತ್ತೇನೆ.

ಬೈಬಲಿನಲ್ಲಿ ನೆರೆಹೊರೆಯ ಬಗ್ಗೆ ನನಗೆ ನಗು ತರಿಸುವ ವಚನಗಳೂ ಇವೆ. ಜ್ಞಾನೋಕ್ತಿ 27:14 ನೋಡಿ: ಮುಂಜಾನೆ ಎದ್ದು ಗಟ್ಟಿ ದನಿಯಲ್ಲಿ ನೆರೆಯವನನ್ನು ಆಶೀರ್ವದಿಸಿದರೆ ಅದು ಅವನಿಗೆ ಶಾಪದ ಲೆಕ್ಕಕ್ಕೇ ಸೇರುತ್ತದೆ ಅನ್ನುವ ಅರ್ಥದ ಮಾತು. ಮನೆಕೂಟಕ್ಕೆ ಮೈಕ್ ಇಟ್ಟು, ಕಿಟಕಿ ತೆರೆದು, ನಾಲ್ಕು ಮನೆಗೆ ಕೇಳುವಂತೆ ಪ್ರಾರ್ಥನೆ ಮಾಡುವವರು ಇದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು. ಡಿಸೆಂಬರಿನಲ್ಲಿ ಕ್ಯಾರಲ್ ಪಾರ್ಟಿ ಅಪಾರ್ಟ್‌ಮೆಂಟಿಗೆ ಬರುವಾಗ ಹೆಚ್ಚಾಗಿ ಹತ್ತೂವರೆ, ಹನ್ನೊಂದು ಗಂಟೆ. ಹಾಡುವವರಿಗೆ ಹಬ್ಬ, ಮೇಲಿನ ಮನೆಯ ಹಸುಗೂಸಿನ ಅಮ್ಮನಿಗೆ? ಕಾನೂನಿನಲ್ಲೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ನಮ್ಮ ಮನೆಗೆ ಕೊನೆಗೆ ಬರುವುದಾದರೆ ಗಿಟಾರ್ ಸಾಕು, ಡ್ರಮ್ ಕಾರಿನಲ್ಲೇ ಇರಲಿ ಅಂತ ನಮ್ಮ ಯೌವನಸ್ಥರಿಗೆ ಮೊದಲೇ ಹೇಳಿರುತ್ತೇವೆ. ಇನ್ನು ಅದೇ ಜ್ಞಾನೋಕ್ತಿಯ 25:17 ಪಕ್ಕದ ಮನೆಗೆ ಪದೇ ಪದೇ ಹೋಗಬೇಡ, ಅವನಿಗೆ ಸಾಕಾಗಿಬಿಡುತ್ತದೆ ಅನ್ನುತ್ತದೆ. ಪ್ರೀತಿಗೂ ಕಾಲಿಂಗ್ ಬೆಲ್ ಒತ್ತುವುದಕ್ಕೂ ಮಿತಿ ಇದೆ, ಮಾರಾಯ್ರೇ.

ಊಟ ತಿಂಡಿಯ ವಿಷಯ ಇನ್ನೂ ಸೂಕ್ಷ್ಮ. ನಾನು ಹುಟ್ಟಿ ಬೆಳೆದದ್ದು ಉಡುಪಿಯಲ್ಲಿ. ಅಷ್ಟಮಿ ಅಂದರೆ ಪಕ್ಕದ ಮನೆಗಳಿಂದ ಉಂಡೆ ಚಕ್ಕುಲಿ ಬರುವುದು, ಕ್ರಿಸ್ಮಸ್ ಅಂದರೆ ನಮ್ಮಲ್ಲಿಂದ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು, ಹೋಗುವುದು. ಆಗಲೇ ಅಮ್ಮ ಎರಡು ಬಗೆ ಮಾಡುತ್ತಿದ್ದರು. ಕೇಕ್, ರೋಸ್ ಕುಕ್ಕೀಸ್‌ಗೆ ಮೊಟ್ಟೆ ಬೀಳುತ್ತದೆ, ಅದು ಕೆಲವರಿಗೆ ಮಾತ್ರ. ಮೊಟ್ಟೆ ತಿನ್ನದವರ ಮನೆಗೆ ನೆವ್ರಿ (ಕರ್ಜಿಕಾಯಿ), ಚಕ್ಕುಲಿ, ಬಾಳೆಹಣ್ಣು, ಅದೂ ಬೇರೆ ಎಣ್ಣೆಯಲ್ಲಿ ಕರಿದದ್ದು, ಮೊದಲು ಕರಿದದ್ದು. ಬೆಂಗಳೂರಿಗೆ ಬಂದ ಮೇಲೆ ನಾನೂ ಹಾಗೇ ಮಾಡುತ್ತೇನೆ. ‘ಎಗ್‌ಲೆಸ್’ ಅಂತ ಸುಳ್ಳು ಹೇಳಿ ಕೇಕ್ ಕೊಟ್ಟವರನ್ನೂ ನೋಡಿದ್ದೇನೆ, ‘ಗೊತ್ತಾಗಲ್ಲ ಬಿಡಿ’ ಅಂತ ನಗುತ್ತಾರೆ. ಅದು ಪ್ರೀತಿ ಅಲ್ಲ, ಮೋಸ. ಅವರ ವ್ರತಕ್ಕೆ ನಮ್ಮ ಲೆಕ್ಕದಲ್ಲಿ ಬೆಲೆ ಇಲ್ಲದಿರಬಹುದು, ಅವರ ಮನಸ್ಸಿಗೆ ಬೆಲೆ ಇದೆಯಲ್ಲ.

ಅವರ ತಟ್ಟೆ ನಮ್ಮ ಮನೆಗೆ ಬಂದಾಗ ಏನು? ಇದು ನಮ್ಮವರಲ್ಲಿ ಮುಗಿಯದ ವಾದ. ಗಣೇಶನ ಹಬ್ಬದ ಕಡುಬು, ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ತಿನ್ನಬಹುದಾ ಬಾರದಾ ಅಂತ ಒಂದೇ ಸಭೆಯಲ್ಲಿ ಎರಡು ಪಂಗಡ. ಪೌಲ 1 ಕೊರಿಂಥ 10ರಲ್ಲಿ, ನಂಬದವರು ಊಟಕ್ಕೆ ಕರೆದರೆ ಪ್ರಶ್ನೆ ಕೇಳದೆ ಬಡಿಸಿದ್ದನ್ನು ತಿನ್ನಿ ಅನ್ನುತ್ತಾನೆ. ಇದು ವಿಗ್ರಹಕ್ಕೆ ಇಟ್ಟದ್ದು ಅಂತ ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗೋಸ್ಕರ ಬೇಡ ಅನ್ನುತ್ತಾನೆ. ನಿಮ್ಮ ನಿಲುವು ಯಾವುದೇ ಇರಲಿ, ತಂದವರ ಮುಂದೆ ಮುಖ ಸಿಂಡರಿಸಬೇಡಿ. ಎರಡೂ ಕೈಯಲ್ಲಿ ತಟ್ಟೆ ತಗೊಳ್ಳಿ. ತಿನ್ನುವುದಿಲ್ಲ ಅಂದರೆ ವಿನಯವಾಗಿ ಹೇಳಿ. ಮುಂದಿನ ಬಾಗಿಲಲ್ಲಿ ತಗೊಂಡು ಹಿಂದಿನ ಬಾಗಿಲಲ್ಲಿ ಕಸದ ಬುಟ್ಟಿಗೆ ಹಾಕುವ ಕೆಲಸ ಮಾತ್ರ ಬೇಡ.

ನಮ್ಮ ಎದುರು ಮನೆಯ ಆಂಟಿ ಈ ಗೊಂದಲವನ್ನೇ ಬಗೆಹರಿಸಿಬಿಟ್ಟರು. ನಾವು ಈ ಮನೆಗೆ ಬಂದ ಮೇಲಿನ ಮೊದಲ ಚೌತಿಗೆ ಡಬ್ಬಿ ಹಿಡಿದು ಬಂದವರೇ ‘ನೋಡಮ್ಮಾ, ಇದು ಪೂಜೆಗೆ ಇಡೋ ಮೊದಲೇ ನಿಮಗೆ ಅಂತ ತೆಗೆದಿಟ್ಟದ್ದು. ನಿಮ್ಮಲ್ಲಿ ನೈವೇದ್ಯ ಆದದ್ದು ತಿನ್ನಲ್ಲ ಅಲ್ವಾ, ನನಗೆ ಗೊತ್ತು’ ಅಂದರು. ಯೋಚಿಸಿ, ಮಡಿಯಲ್ಲಿ ಅಡುಗೆ ಮಾಡುವ ಮನೆ. ದೇವರಿಗೆ ಇಡುವ ಮೊದಲು ಬೇರೆಯವರಿಗೆ ತೆಗೆದಿಡುವುದು ಅವರ ಪದ್ಧತಿಯಲ್ಲಿ ಸಣ್ಣ ವಿಷಯ ಅಲ್ಲ. ನಮಗೋಸ್ಕರ ತಮ್ಮ ಪದ್ಧತಿಯನ್ನೇ ಸ್ವಲ್ಪ ಸಡಿಲ ಮಾಡಿದರು. ಯೇಸು ಆ ಕಥೆಯಲ್ಲಿ ಹೀರೋ ಮಾಡಿದ್ದು ಯೆಹೂದ್ಯನನ್ನಲ್ಲ, ಯೆಹೂದ್ಯರು ದೂರ ಇಟ್ಟ ಸಮಾರ್ಯದವನನ್ನು. ನಾವು ಆ ಕಥೆ ಓದುವಾಗ ಯಾವಾಗಲೂ ನಮ್ಮನ್ನು ಸಮಾರ್ಯದವನ ಜಾಗದಲ್ಲಿ ಇಟ್ಟುಕೊಳ್ಳುತ್ತೇವೆ. ಅತ್ತೆಯನ್ನು ಮಧ್ಯರಾತ್ರಿ ಆಸ್ಪತ್ರೆಗೆ ಸಾಗಿಸುವಾಗ ನಮ್ಮ ಮಗಳನ್ನು ತಮ್ಮ ಮನೆಯಲ್ಲಿ ಮಲಗಿಸಿಕೊಂಡವರು ಇದೇ ಆಂಟಿ. ದಾರಿಯಲ್ಲಿ ಬಿದ್ದವರು ಆ ರಾತ್ರಿ ನಾವು.

ಅದಕ್ಕೇ ನನಗೆ ಗಾಳದ ಪ್ರೀತಿ ಕಂಡರೆ ಆಗುವುದಿಲ್ಲ. ತಿಂಡಿ ಡಬ್ಬಿಯ ಕೆಳಗೆ ಕರಪತ್ರ. ಆಸ್ಪತ್ರೆಯಲ್ಲಿ ಮಲಗಿದವರ ತಲೆ ಮೇಲೆ ಕೇಳದೆ ಕೈ ಇಟ್ಟು ಜೋರಾಗಿ ಪ್ರಾರ್ಥನೆ. ಅವರಿಗೆ ಎದ್ದು ಹೋಗಲೂ ಆಗುವುದಿಲ್ಲ ಪಾಪ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂದಾಗಿನಿಂದ ನಮ್ಮವರು ಒಂದು ಅಕ್ಕಿ ಚೀಲ ಕೊಡಲೂ ಹೆದರುವ ಹಾಗಾಗಿದೆ, ಕೊಟ್ಟರೆ ಅನುಮಾನ. ಅದು ಬೇಸರದ ವಿಷಯವೇ, ಆ ಕಾಯ್ದೆ ನನಗೆ ಒಪ್ಪಿಗೆಯೂ ಇಲ್ಲ. ಆದರೆ ಕಾಯ್ದೆ ಇರಲಿ ಬಿಡಲಿ, ಕೊಟ್ಟದ್ದಕ್ಕೆ ಬದಲಾಗಿ ಏನಾದರೂ ಸಿಗಬೇಕು ಅಂತ ಕಾಯುವವನು ಕೊಟ್ಟದ್ದು ಸಾಲ. ಯಾರಾದರೂ ‘ನೀವು ಯಾಕೆ ಇಷ್ಟೆಲ್ಲಾ ಮಾಡ್ತೀರಿ’ ಅಂತ ಕೇಳಿದರೆ ಖಂಡಿತ ಹೇಳೋಣ, ಯೇಸುವಿನ ಹೆಸರು ಹೇಳಲು ನಾಚಿಕೆ ಏನು? ಪ್ರಾರ್ಥನೆ ಮಾಡಲಾ ಅಂತ ಕೇಳಿ, ಹೂಂ ಅಂದರೆ ಮಾಡೋಣ. ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ 1923ರಲ್ಲಿ ಶುರು ಮಾಡಿದ ಮಿಷನ್ ಆಸ್ಪತ್ರೆ ಇದೆ. ಎಲ್ಲಿ ಹುಟ್ಟಿದ್ದು ಅಂತ ಕೇಳಿದರೆ ‘ಮಿಷನ್ ಆಸ್ಪತ್ರೆ’ ಅನ್ನುವವರು ನಮ್ಮೂರಲ್ಲಿ ಎಲ್ಲ ಜಾತಿಯಲ್ಲೂ ಸಿಗುತ್ತಾರೆ. ಅವರೆಲ್ಲ ಹುಟ್ಟಿದ್ದು ಅಲ್ಲಿ, ಬೆಳೆದದ್ದು ಅವರವರ ದೇವರ ಮನೆ ಇರುವ ಮನೆಗಳಲ್ಲಿ. ಅದರಿಂದ ಆ ಆಸ್ಪತ್ರೆಯ ಪ್ರೀತಿ ಏನೂ ವೇಸ್ಟ್ ಆಗಲಿಲ್ಲ.

ಕೊನೆಯದಾಗಿ ಯಾಜಕಕಾಂಡ 19. ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಅನ್ನುವ ಮಾತು ಮೊದಲು ಬರುವುದು ಅಲ್ಲಿ, 18ನೇ ವಚನದಲ್ಲಿ. ಅದರ ಸುತ್ತಮುತ್ತ ಏನಿದೆ ನೋಡಿ. ಹೊಲದ ಅಂಚನ್ನು ಬಡವರಿಗೆ ಬಿಡು. ಕಿವುಡನನ್ನು ಬೈಯಬೇಡ, ಕುರುಡನ ಮುಂದೆ ಎಡವುವಂಥದ್ದು ಇಡಬೇಡ. ಚಾಡಿ ಹೇಳುತ್ತಾ ತಿರುಗಬೇಡ. ಮತ್ತೆ 13ನೇ ವಚನ: ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ.

ಹಾಗಾಗಿ ಮನೆಗೆಲಸಕ್ಕೆ ಬರುವವರ ಸಂಬಳದ ವಿಷಯ ನನ್ನ ಮಟ್ಟಿಗೆ ಬೈಬಲ್ ಸ್ಟಡಿಯೇ. ನಮ್ಮ ಮನೆಗೆ ಬರುವವಳು ರಾಯಚೂರು ಕಡೆಯ ಹುಡುಗಿ. ನಮ್ಮವರೆಲ್ಲ ಬೋನಸ್ ಕೊಡುವುದು ಕ್ರಿಸ್ಮಸ್‌ಗೆ, ಯಾಕೆಂದರೆ ಹಬ್ಬ ನಮ್ಮದು, ಖುಷಿ ನಮ್ಮದು. ಅವಳಿಗೆ ಡಿಸೆಂಬರಿನಲ್ಲಿ ಯಾವ ಖರ್ಚು? ಅವಳು ತವರಿಗೆ ಹೋಗುವುದು ನಾಗರ ಪಂಚಮಿಗೆ, ಬಸ್ ಚಾರ್ಜು, ಮಕ್ಕಳ ಬಟ್ಟೆ, ಉಂಡಿಗೆ ಶೇಂಗಾ ಬೆಲ್ಲ ಎಲ್ಲ ಆಗ ಬೇಕು. ಅವಳೇ ಒಮ್ಮೆ ‘ಅಕ್ಕಾರ, ಈ ಸರ್ತಿ ಪಂಚಮಿಗೆ ಮೊದಲ ಕೊಡ್ರಿ’ ಅಂದಳು. ಆವತ್ತಿನಿಂದ ಬೋನಸ್ ಪಂಚಮಿಗೇ, ಹೋದ ದಿನಗಳ ಸಂಬಳ ಕಟ್ ಮಾಡದೆ. ಕ್ರಿಸ್ಮಸ್‌ಗೆ ಅವಳಿಗೆ ಕೇಕ್, ಮೊಟ್ಟೆ ಹಾಕಿದ್ದೇ. ಅದರ ಬಗ್ಗೆ ಅವಳದ್ದೇನೂ ತಕರಾರಿಲ್ಲ, ತುಂಡು ಸಣ್ಣದಾಯಿತು ಅನ್ನುವುದೊಂದನ್ನು ಬಿಟ್ಟರೆ.